ಎಷ್ಟು ವಾಟಿನ ಎಸ್‌ಎಂಪಿಎಸ್? ಅಥವಾ, ಅಳಿಯನ ಗೇಮಿಂಗ್ ಪಿಸಿ ಮತ್ತು ಒಂದು ಎಚ್‌ಪಿ ಮೋಟರ್

ಗೇಮಿಂಗ್ ಪಿಸಿ ಕಟ್ಟಿಸುವ ಹುಡುಗರನ್ನು ನೀವೂ ನೋಡಿರಬಹುದು. ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಮೂರು ತಿಂಗಳು ಓದುತ್ತಾರೆ, ಪ್ರೊಸೆಸರ್ ಬಗ್ಗೆ ಗೆಳೆಯರ ಜೊತೆ ಒಂದು ತಿಂಗಳು ಜಗಳ ಆಡುತ್ತಾರೆ, ಕ್ಯಾಬಿನೆಟ್ಟಿನೊಳಗಿನ ಬಣ್ಣದ ದೀಪಕ್ಕೆ ಒಂದು ವಾರ ತಲೆ ಕೆಡಿಸಿಕೊಳ್ಳುತ್ತಾರೆ. ಎಸ್‌ಎಂಪಿಎಸ್ಸಿನ ಪಾಳಿ ಬರುವುದು ಎಲ್ಲಕ್ಕಿಂತ ಕೊನೆಗೆ, ಕಿಸೆ ಖಾಲಿಯಾದ ಮೇಲೆ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಾಗಿ ಇಳಿಸಿ ಒಳಗಿನವಕ್ಕೆಲ್ಲ ಹಂಚುವ ಕಬ್ಬಿಣದ ಡಬ್ಬಿ ಇದೆಯಲ್ಲ, ಅದು. ಇಂಟರ್ನೆಟ್ಟಿನವರು ಪವರ್ ಸಪ್ಲೈ ಅಂತಾರೆ. ನಮ್ಮ ಕಡೆ ಅಂಗಡಿಗೆ ಹೋಗಿ ಹಾಗಂದರೆ ಕೌಂಟರಿನ ಹುಡುಗ "ಎಸ್‌ಎಂಪಿಎಸ್ಸಾ ಸರ್?" ಅಂತ ತಿರುಗಿ ಕೇಳುತ್ತಾನೆ.

ಅದನ್ನು ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ವಾಟಿಂದು? ಈ ಒಂದು ಪ್ರಶ್ನೆ ನಮ್ಮ ಮನೆತನದಲ್ಲಿ 2024ರ ದೀಪಾವಳಿಯ ಮುಂದೆ ಮೂರು ವಾರ ಎಳೆದಾಡಿತು. ಅಷ್ಟು ದಿನ ಎಳೆದಾಡಿದ್ದಕ್ಕೆ ಕಲಿತದ್ದೂ ಒಂದಿಷ್ಟಿದೆ. ಬರೆದಿಟ್ಟರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಇಟ್ಟುಕೊಂಡು ಓದಿ :-)

ಮೊದಲು ಜಾಗದ ಪರಿಚಯ. ನಾನು ಕೆಲಸ ಮಾಡುವುದು ಬೆಳಗಾವಿಯ ಆಟೋ ನಗರದಲ್ಲಿ, ಲಾರಿ ಬಿಡಿಭಾಗದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು. ಕ್ರಿಕೆಟ್ ನೋಡುವವರಿಗೆ ಇಲ್ಲಿನ ಕೆಎಸ್‌ಸಿಎ ಮೈದಾನ ಗೊತ್ತಿರುತ್ತದೆ. ಉಳಿದಂತೆ ಆಟೋ ನಗರ ಅಂದರೆ ಲಾರಿ, ಲೇತು, ವೆಲ್ಡಿಂಗು, ಗ್ರೀಸು, ಮತ್ತು ಯಾವ ಹೊತ್ತಿನಲ್ಲೂ ಎಲ್ಲೋ ಒಂದು ಕಡೆ ತಗಡು ಬಡಿಯುವ ಸದ್ದು. ನಮ್ಮ ಮಗ್ಗುಲಲ್ಲೇ ಮೋಟರ್ ರಿವೈಂಡಿಂಗ್ ಮಾಡುವ ಮಿಸ್ತ್ರಿಯೊಬ್ಬರಿದ್ದಾರೆ. ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಸುತ್ತಿಬಿಡುತ್ತಾರೆ, ತಾಮ್ರದ ತಂತಿ ಸುತ್ತಿದ ಹಾಗೆ. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಈ ಕಥೆಯಲ್ಲಿ ಯೂಟ್ಯೂಬಿನ ಪಂಡಿತರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವರು ಅವರೇ.

ಅಕ್ಕನ ಮನೆ ಖಾನಾಪುರದಲ್ಲಿ. ಭಾವನದು ಸಣ್ಣ ಇಟ್ಟಂಗಿ ಭಟ್ಟಿ. ಮಳೆ ಹಿಡಿದರೆ ಭಟ್ಟಿ ಬಂದ್, ದುಡ್ಡೂ ಬಂದ್. ಖಾನಾಪುರದ ಮಳೆ ಅಂದರೆ ಗೊತ್ತಲ್ಲ, ಮಲಪ್ರಭೆ ಹುಟ್ಟುವುದೇ ಆ ತಾಲೂಕಿನ ಕಣಕುಂಬಿಯಲ್ಲಿ. ಅಳಿಯ ಬೆಳಗಾವಿಗೆ ಬಂದುಹೋಗಿ ಡಿಪ್ಲೊಮಾ ಓದುತ್ತಾನೆ. ಹತ್ತನೇ ಕ್ಲಾಸಿನಿಂದ ಕೂಡಿಟ್ಟ ದುಡ್ಡು, ಅಜ್ಜಿ ಕೊಟ್ಟದ್ದು, ಉಳಿದದ್ದು ಅಪ್ಪನ ಭಟ್ಟಿಯಿಂದ. ಹೀಗೆ ಒಂದು ಪಿಸಿ ಕಟ್ಟಿಸುವುದು ಅಂತ ತೀರ್ಮಾನವಾಯಿತು. ಎಲ್ಲವೂ ಆರಿಸಿಯಾಗಿತ್ತು, ಎಸ್‌ಎಂಪಿಎಸ್ ಒಂದನ್ನು ಬಿಟ್ಟು.

ಅಳಿಯ ಅಂದ, "ಮಾಮಾ, 850 ವಾಟ್ ತಗೊಳ್ಳೂಣು. ಎಲ್ಲಾರೂ ಅದನ್ನ ಹೇಳಾಕತ್ತಾರ."

ಭಾವ ಅಂದರು, "ಕ್ಯಾಬಿನೆಟ್ ಸಂಗಟ 450ದ್ದು ಫುಕಟ್ ಕೊಡ್ತಾರಂತ. ಮತ್ತ್ಯಾಕ ಬೇರೆ?"

ಮಾತಿಗೆ ಮಾತು ಬೆಳೆದು 850 ಬೇಡ 750 ಸಾಕು ಅಂತ ಅಳಿಯ ಚೌಕಾಸಿಗೆ ಇಳಿದಾಗ ಭಾವ ತಲೆ ಮೇಲೆ ಕೈ ಇಟ್ಟರು. "750 ಅಂದ್ರ ಒಂದು ಎಚ್‌ಪಿ ಆತಲ್ಲೋ! ಬಾವ್ಯಾಗಿನ ಮೋಟರ್ ತಂದು ಪಡಸಾಲ್ಯಾಗ ಇಟ್ಟಂಗ. ಬಿಲ್ ಯಾರು ಕಟ್ಟಾವ್ರು?"

ಭಾವನ ಲೆಕ್ಕದಲ್ಲಿ ತಪ್ಪಿಲ್ಲ. ಒಂದು ಎಚ್‌ಪಿ ಅಂದರೆ 746 ವಾಟ್. ತಪ್ಪಿರುವುದು ಹೋಲಿಕೆಯಲ್ಲಿ. ಎಸ್‌ಎಂಪಿಎಸ್ ಮೇಲೆ ಬರೆದ ವಾಟು ಅದು ತಿನ್ನುವ ವಾಟಲ್ಲ, ಹೊರಬಲ್ಲ ವಾಟು. ಆಟೋ ನಗರದ ಭಾಷೆಯಲ್ಲಿ ಹೇಳುವುದಾದರೆ ಅದು ಲಾರಿಯ ಪಾಸಿಂಗ್. ಹತ್ತು ಟನ್ ಪಾಸಿಂಗ್ ಇರುವ ಲಾರಿಯಲ್ಲಿ ಎರಡು ಟನ್ ಈರುಳ್ಳಿ ಹೇರಿದರೆ ಸಾಗುವುದು ಎರಡೇ ಟನ್. ಒಳಗಿನ ಕಂಪ್ಯೂಟರು 250 ವಾಟ್ ಕೇಳಿದರೆ 550ರ ಡಬ್ಬಿಯೂ 250 ಕೊಡುತ್ತದೆ, 850ರದ್ದೂ 250 ಕೊಡುತ್ತದೆ. ಬಿಲ್ಲಿಗೆ ಹೆದರಿ ಸಣ್ಣ ಡಬ್ಬಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹಾಗಂತ ಎರಡು ಟನ್ನಿಗೆ ಯಾರೂ ಹದಿನಾರು ಚಕ್ರದ ಗಾಡಿ ಕೊಳ್ಳುವುದೂ ಇಲ್ಲ.

ಹಾಗಾದರೆ ಒಳಗಿನವು ಕೇಳುವುದು ಎಷ್ಟು? ಈ ಲೆಕ್ಕ ನಿಜಕ್ಕೂ ಸಣ್ಣದು. ಅಳಿಯ ಆರಿಸಿದ್ದು ಎನ್ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡು, 115 ವಾಟ್. ಪ್ರೊಸೆಸರ್ ಇಂಟೆಲ್ ಐ5-12400ಎಫ್. ಅದಕ್ಕೆ 65 ವಾಟ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಸಾವಕಾಶ ನಡೆಯುವಾಗಿನ ಮಾತು. ಟರ್ಬೋದಲ್ಲಿ ಓಡಿದರೆ 117 ವಾಟಿನವರೆಗೆ ಹೋಗುತ್ತದೆ ಅಂತ ಇಂಟೆಲ್ಲಿನವರೇ ತಮ್ಮ ಪಟ್ಟಿಯಲ್ಲಿ ಬರೆದಿದ್ದಾರೆ. ಮದರ್‌ಬೋರ್ಡು, ಮೆಮರಿ, ಎಸ್‌ಎಸ್‌ಡಿ, ನಾಲ್ಕು ಫ್ಯಾನು, ಕೀಬೋರ್ಡು, ಮೌಸು ಎಲ್ಲ ಸೇರಿ ಧಾರಾಳವಾಗಿ 50 ಹಿಡಿಯಿರಿ. ಒಟ್ಟು 282. ಅದೂ ಎಲ್ಲವೂ ಒಟ್ಟಿಗೆ ಕಟ್ಟಕಡೆಯ ಮಟ್ಟಕ್ಕೆ ಓಡಿದರೆ. ಆಟ ಆಡುವಾಗ ಕಾರ್ಡು ಪೂರ್ತಿ ದುಡಿದರೂ ಪ್ರೊಸೆಸರ್ ಅಷ್ಟು ದುಡಿಯುವುದು ಅಪರೂಪ.

ಈ ಕಾರ್ಡಿಗೆ ಎನ್ವಿಡಿಯಾ ಹೇಳುವುದು 550 ವಾಟಿನ ಎಸ್‌ಎಂಪಿಎಸ್ ಹಾಕಿ ಅಂತ. 282ಕ್ಕೆ 550 ಯಾಕೆ? ಅವರಿಗೆ ನೀವು ಯಾವ ಪ್ರೊಸೆಸರ್ ಹಾಕುತ್ತೀರಿ ಗೊತ್ತಿಲ್ಲ, ಎಂಥ ಡಬ್ಬಿ ತರುತ್ತೀರಿ ಅಂತಲೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಅಂದಾಜೂ ತಮ್ಮದೇ ಅಂತ ಸೇರಿಸಿ ಹೇಳುತ್ತಾರೆ. ಮದುವೆ ಮನೆಯ ಅಡುಗೆಯವರು ಐನೂರು ಜನಕ್ಕೆ ಅಂದರೆ ಏಳುನೂರು ಎಲೆಗೆ ಅಕ್ಕಿ ಬರೆಸುತ್ತಾರಲ್ಲ, ಆ ಥರ. ಡಬ್ಬಿ ಸಾಚಾ ಇದ್ದರೆ 550 ಅಳಿಯನ ಪಿಸಿಗೆ ಎರಡು ಪಟ್ಟು.

ಸಾಚಾ ಇದ್ದರೆ. ಇಡೀ ಜಗಳದ ಬೇರು ಈ ಎರಡು ಪದದಲ್ಲಿದೆ.

ಆ ಫುಕಟ್ 450ನ್ನು ತಂದು ಅದರ ಮೈ ಮೇಲಿನ ಚೀಟಿ ಓದಿದೆ. ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಎಸ್‌ಎಂಪಿಎಸ್ಸಿನ ಪಕ್ಕದಲ್ಲಿ ಒಂದು ಕೋಷ್ಟಕ ಅಂಟಿಸಿರುತ್ತಾರೆ, ಯಾವ ವೋಲ್ಟಿಗೆ ಎಷ್ಟು ಆಂಪಿಯರ್ ಅಂತ. ಇದರಲ್ಲಿ 12 ವೋಲ್ಟಿನ ಕೆಳಗೆ 16 ಆಂಪಿಯರ್ ಅಂತ ಇತ್ತು. ಗುಣಿಸಿ ನೋಡಿ, 192 ವಾಟ್. 450ರಲ್ಲಿ ಉಳಿದದ್ದು ಎಲ್ಲಿ ಹೋಯಿತು? 5 ವೋಲ್ಟು, 3.3 ವೋಲ್ಟಿನ ಖಾತೆಯಲ್ಲಿ ಕೂತಿದೆ. ಲೆಕ್ಕ ಬರೆಯುವವನಿಗೆ ಈ ಆಟ ಹೊಸದಲ್ಲ, ಬಜೆಟ್ಟಿನಲ್ಲಿ ದುಡ್ಡು ಇರುತ್ತದೆ, ನಮಗೆ ಬೇಕಾದ ಬಾಬ್ತಿನಲ್ಲಿ ಇರುವುದಿಲ್ಲ :-)

ಇದಕ್ಕೊಂದು ಹಿನ್ನೆಲೆ ಇದೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಅಳತೆಗೋಲು ಮಾಡಿದಾಗ ಕಂಪ್ಯೂಟರಿನೊಳಗೆ ಹೆಚ್ಚಿನ ಕೆಲಸ 5 ಮತ್ತು 3.3 ವೋಲ್ಟಿನಲ್ಲೇ ನಡೆಯುತ್ತಿತ್ತು. 2000ದಲ್ಲಿ ಪೆಂಟಿಯಂ 4 ಬಂತು, ಅದರ ಹಸಿವಿಗೆ 5 ವೋಲ್ಟು ಸಾಲದೆ 12 ವೋಲ್ಟಿನ ನಾಲ್ಕು ಪಿನ್ನಿನ ಬೇರೆ ವೈರು ಬಂತು. ಅಲ್ಲಿಂದ ಈಚೆಗೆ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು ಹೆಚ್ಚುಕಮ್ಮಿ ಪೂರ್ತಿ 12 ವೋಲ್ಟಿನಿಂದಲೇ. ಹಳೇ ಕಾಲದ ನಕ್ಷೆಯಲ್ಲೇ ತಯಾರಾದ ಅಗ್ಗದ ಡಬ್ಬಿಗಳು ಇವತ್ತಿಗೂ 5 ವೋಲ್ಟಿನ ಕಡೆ ವಾಟು ತುಂಬಿಸಿ ಒಟ್ಟು ಸಂಖ್ಯೆ ದೊಡ್ಡದು ಮಾಡುತ್ತವೆ. ಆದ್ದರಿಂದ ಡಬ್ಬಿ ಮೇಲಿನ ದಪ್ಪ ಅಕ್ಷರ ಬಿಟ್ಟುಬಿಡಿ. ಚೀಟಿಯಲ್ಲಿ 12 ವೋಲ್ಟಿನ ಆಂಪಿಯರ್ ನೋಡಿ, 12ರಿಂದ ಗುಣಿಸಿ. ಅದು ನಿಮ್ಮ ನಿಜವಾದ ವಾಟು. ಒಳ್ಳೆಯ 550ರ ಡಬ್ಬಿಯಲ್ಲಿ ಈ ಗುಣಾಕಾರ 550ರ ಹತ್ತಿರ ಹತ್ತಿರ ಬರಬೇಕು.

ಆ ಫುಕಟ್ ಡಬ್ಬಿಗೆ ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಎಂಟು ಪಿನ್ನಿನ ವೈರೂ ಇರಲಿಲ್ಲ. ಆ ವೈರು 150 ವಾಟ್ ಹೊರುವಂತೆ ಮಾಡಿದ್ದು. ಕಾರ್ಡು ಕೂರುವ ಸ್ಲಾಟಿನಿಂದ ಸಿಗುವುದು 75 ವಾಟ್ ಮಾತ್ರ. ಅಂಗಡಿಯ ಹುಡುಗ ಧೈರ್ಯವಾಗಿ ಅಂದ, "ಕನ್ವರ್ಟರ್ ಹಾಕಿ ಕೊಡ್ತೀನಿ ಸರ್, ಏನೂ ಆಗಂಗಿಲ್ಲ." ಹಾರ್ಡ್ ಡಿಸ್ಕಿಗೆ ಹೋಗುವ ಸಪೂರ ವೈರಿಗೆ ಬೇರೊಂದು ಮೂತಿ ಕಟ್ಟಿ ಕಾರ್ಡಿಗೆ ಚುಚ್ಚುವುದು. ಮಿಸ್ತ್ರಿಗೆ ಆ ಕನ್ವರ್ಟರ್ ತೋರಿಸಿದೆ. ಬೆರಳಲ್ಲಿ ವೈರು ಹೊಸಕಿ ನೋಡಿ ನಕ್ಕುಬಿಟ್ಟರು. "ಅಕೌಂಟೆಂಟ್ ಸಾಹೇಬ್ರ, ಬೀಡಿ ಹಚ್ಚಾಕ ಚಲೋ ಆಕ್ಕೈತಿ."

ನಗುವ ಮಾತಲ್ಲ ಅದು. 2019ರ ಬೇಸಿಗೆಯಲ್ಲಿ ನಮ್ಮದೇ ಸಾಲಿನ ಒಂದು ವರ್ಕ್‌ಶಾಪಿನ ಆಫೀಸ್ ಕಂಪ್ಯೂಟರಿನಲ್ಲಿ ಇಂಥದೇ ಒಂದು ಅನಾಮಧೇಯ ಎಸ್‌ಎಂಪಿಎಸ್ ಮಧ್ಯಾಹ್ನ ಮೂರು ಗಂಟೆಗೆ ಢಬ್ ಅಂತು. ಮೇಲೆ ತಗಡಿನ ಛಾವಣಿ, ಹೊರಗೆ ಗ್ರೈಂಡಿಂಗು. ಆ ಕಬ್ಬಿಣದ ಪುಡಿ ಫ್ಯಾನಿನ ಗಾಳಿಯ ಜೊತೆ ಒಳಗೆ ಹೋಗಿ ಕೂತಿತ್ತು. ಎಸ್‌ಎಂಪಿಎಸ್ ಸತ್ತರೆ ಎಸ್‌ಎಂಪಿಎಸ್ ಸಾಯಬೇಕು. ಆದರೆ ಇದು ಹೋಗುವಾಗ ಮದರ್‌ಬೋರ್ಡು, ಹಾರ್ಡ್ ಡಿಸ್ಕು ಎರಡನ್ನೂ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಅವರ ಪೂರ್ತಿ ಟ್ಯಾಲಿ ಲೆಕ್ಕ, ಬೇರೆ ಪ್ರತಿ ಇರಲಿಲ್ಲ. ಜಿಎಸ್‌ಟಿ ರಿಟರ್ನ್ ತುಂಬುವ ದಿನ ಹತ್ತಿರ ಬಂದಿತ್ತು. ಬಿಲ್ ಪುಸ್ತಕ ಗುಡ್ಡೆ ಹಾಕಿಕೊಂಡು ಅವರ ಹುಡುಗನ ಜೊತೆ ನಾನೂ ಹನ್ನೊಂದು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಹೊಡೆದಿದ್ದೇನೆ. ಯಜಮಾನರು ಪ್ರತಿ ರಾತ್ರಿ ಬಂದು ಒಂದು ಕಪ್ ಚಹಾ ಇಟ್ಟು ಏನೂ ಮಾತಾಡದೆ ಹೋಗುತ್ತಿದ್ದರು. ಯಾರು ಎಷ್ಟು ಬಾಕಿ ಕೊಡಬೇಕು ಅನ್ನುವುದೇ ಅದರಲ್ಲಿತ್ತಲ್ಲ, ಅವರ ಹೊಟ್ಟೆಯಲ್ಲಿ ಎಷ್ಟು ಸಂಕಟ ಇತ್ತೋ.

ಗಮನಿಸಿ: ಆ ಆಫೀಸ್ ಕಂಪ್ಯೂಟರು 100 ವಾಟನ್ನೂ ಕೇಳುತ್ತಿರಲಿಲ್ಲ. ಡಬ್ಬಿ ಮೇಲೆ 450 ಅಂತಲೇ ಬರೆದಿತ್ತು. ವಾಟು ಕಮ್ಮಿಯಾಗಿ ಅದು ಸುಡಲಿಲ್ಲ. ವೋಲ್ಟೇಜ್ ಮೀರಿದರೆ, ಶಾರ್ಟ್ ಆದರೆ, ಬಿಸಿ ಏರಿದರೆ ತಾನಾಗಿ ಕಡಿದುಕೊಳ್ಳುವ ರಕ್ಷಣೆ ಒಳಗೆ ಇರಲಿಲ್ಲ, ಅಷ್ಟೆ. ಆದ್ದರಿಂದ ಭಾವನ ಫುಕಟ್ ಪ್ರಸ್ತಾಪವನ್ನು ನಾನು ಕಡ್ಡಿ ಮುರಿದಂತೆ ಬೇಡ ಅಂದೆ. ಹುಡುಗನ ಇಷ್ಟು ವರ್ಷದ ಉಳಿತಾಯವನ್ನು ಅಂಥ ಡಬ್ಬಿಯ ಬಾಯಿಗೆ ಕೊಡುವುದು ಹೇಗೆ?

ಇನ್ನು ಅಳಿಯನ 850. ಅವನದೂ ಪೂರಾ ಹುಚ್ಚಲ್ಲ. ಅವನ ಹತ್ತಿರ ಒಂದು ವಾದ ಇತ್ತು, "ಸ್ಪೈಕ್". ಗ್ರಾಫಿಕ್ಸ್ ಕಾರ್ಡುಗಳು ಸರಾಸರಿ ಇಷ್ಟು ವಾಟ್ ಅಂತ ಹೇಳಿದರೂ ಕ್ಷಣದ ಸಣ್ಣ ತುಣುಕಿನಲ್ಲಿ ಅದಕ್ಕಿಂತ ಬಹಳ ಮೇಲೆ ಜಿಗಿಯುತ್ತವೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಕಾರ್ಡು ಬಂದಾಗ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಈ ಜಿಗಿತಕ್ಕೆ ಬೆಚ್ಚಿ ಬಂದ್ ಆಗುತ್ತಿದ್ದವು. ಇದನ್ನು ಮಿಸ್ತ್ರಿಗೆ ಹೇಗೆ ವಿವರಿಸುವುದು ಅಂತ ನಾನು ಪದ ಹುಡುಕುತ್ತಿದ್ದರೆ ಅವರು ಕೈ ಅಡ್ಡ ಹಿಡಿದರು. "ಸ್ಟಾರ್ಟಿಂಗ್ ಕರೆಂಟ್ ಅನ್ರಿ. ಮೋಟರ್ ಏಳುವಾಗ ಐದಾರು ಪಟ್ಟು ತಗೋತೈತಿ. ಅದಕ್ಕ ಹತ್ತು ಎಚ್‌ಪಿ ಮೋಟರಿಗೆ ಅರವತ್ತು ಎಚ್‌ಪಿ ಕನೆಕ್ಷನ್ ಯಾರರೆ ತಗೋತಾರೇನ್ರಿ? ಸ್ಟಾರ್ಟರ್ ಚಲೋದ್ದು ಹಾಕ್ತಾರ."

ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ. 2022ರಲ್ಲಿ ಬಂದ ಎಟಿಎಕ್ಸ್ 3.0 ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. 450 ವಾಟ್ ಮೀರಿದ ಡಬ್ಬಿಗಳು ತಮ್ಮ ವಾಟಿನ ಎರಡು ಪಟ್ಟು ಜಿಗಿತವನ್ನು 100 ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ, ತಡೆದುಕೊಳ್ಳಬೇಕು. ಅಲ್ಲಿಗೆ ಜಿಗಿತದ ಭಯಕ್ಕೆ ವಾಟು ದುಪ್ಪಟ್ಟು ಮಾಡುವ ಗರಜು ಉಳಿಯಲಿಲ್ಲ. ಅದೂ ಅಳಿಯನದು 115 ವಾಟಿನ ಕಾರ್ಡು. 450 ವಾಟ್ ತಿನ್ನುವ ಆರ್‌ಟಿಎಕ್ಸ್ 4090ಕ್ಕೆ ಎನ್ವಿಡಿಯಾ ಹೇಳುವ ಸಂಖ್ಯೆ ಆ 850. ಅದನ್ನು ಹಾಕಿಕೊಂಡವರು ವಿಡಿಯೋ ಮಾಡುತ್ತಾರೆ, ಇವನು ನೋಡುತ್ತಾನೆ.

80 ಪ್ಲಸ್ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಇದರಲ್ಲೂ ಒಂದು ಅಪಾರ್ಥ ಓಡಾಡುತ್ತಿದೆ. 2004ರಲ್ಲಿ ಶುರುವಾದ ಈ ಪ್ರಮಾಣಪತ್ರಕ್ಕೆ 2008ರಲ್ಲಿ ಕಂಚು, ಬೆಳ್ಳಿ, ಬಂಗಾರ ಸೇರಿದವು. ಕಂಚಿನ ಡಬ್ಬಿ ಅರ್ಧ ಹೊರೆಯಲ್ಲಿ 85 ಪ್ರತಿಶತ ದಕ್ಷ ಅಂದರೆ "550ರಲ್ಲಿ ನಿಜವಾಗಿ ಸಿಗೋದು 467" ಅಂತ ಅಳಿಯನ ಗೆಳೆಯನೊಬ್ಬ ಲೆಕ್ಕ ಹಾಕಿದ್ದ. ಹಾಗಲ್ಲ. ಒಳಗೆ 550 ಪೂರ್ತಿ ಸಿಗುತ್ತದೆ. ಸೋರಿಕೆ ಗೋಡೆಯ ಕಡೆ ಲೆಕ್ಕ. ಒಳಗೆ 250 ಕೊಡಬೇಕಾದರೆ ಗೋಡೆಯಿಂದ 294 ಎಳೆದು, 44 ವಾಟನ್ನು ಬಿಸಿ ಗಾಳಿಯಾಗಿ ಹಿಂದಿನ ಕಿಂಡಿಯಿಂದ ಊದುತ್ತದೆ. ಬಂಗಾರದ್ದಾದರೆ ಇದಕ್ಕಿಂತ ಕಡಿಮೆ ಊದುತ್ತದೆ. ದಿನಕ್ಕೆ ಎರಡು ಮೂರು ಗಂಟೆ ಆಡುವವನಿಗೆ ಬಂಗಾರಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಬಿಲ್ಲಿನಲ್ಲಿ ತಿರುಗಿ ಬರುವುದು ಕಷ್ಟ.

ಕೊನೆಗೆ 550 ಕಂಚು ಅಂತ ನಾನು ತೀರ್ಪು ಕೊಟ್ಟೆ. ಆದರೆ ತೀರ್ಪು ನಡೆದದ್ದು ಭಾವನದು. ಅವರು ಎಲ್ಲ ಕೇಳಿಸಿಕೊಂಡು ಅಂದರು:

"ಒಂದ ಮಜಲಿ ಕಟ್ಟಾವನೂ ಎರಡ ಮಜಲಿ ಪಾಯಾ ಹಾಕ್ತಾನ. ನಾಕ ಮಜಲಿ ಪಾಯಾ ಯಾವನೂ ಹಾಕಂಗಿಲ್ಲ. 850 ನಾಕ ಮಜಲಿ ಆತು. 550 ಒಂದ ಮಜಲಿ. ನಡುವಿಂದು ಏನರೆ ಐತೇನು?"

ನಡುವಿನದು 650. ಜೀವನವಿಡೀ ಇಟ್ಟಂಗಿ ಮಾರಿದ ಮನುಷ್ಯ ಪಾಯದ ಬಗ್ಗೆ ಹೇಳಿದರೆ ನಾನೇನು ಎದುರಾಡಲಿ? ಅವತ್ತಿನ ಪಿಸಿಗೆ 550 ಸಾಕಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆದರೆ 2025ರಲ್ಲಿ ಆರ್‌ಟಿಎಕ್ಸ್ 5070 ಬಂತು, 250 ವಾಟಿನದು. ಅದಕ್ಕೆ ಎನ್ವಿಡಿಯಾ ಹೇಳುವುದು 650. ಅಳಿಯ ಆ ಕಾರ್ಡಿನ ಫೋಟೋವನ್ನು ಅಪ್ಪನಿಗೆ ಕಾಣುವ ಹಾಗೆ ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡಿದ್ದಾನೆ. ಎರಡನೇ ಮಜಲಿ ಯಾವಾಗ ಏಳುತ್ತದೋ ಗೊತ್ತಿಲ್ಲ, ಪಾಯ ಅಂತೂ ಇದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಖಾನಾಪುರಕ್ಕೆ ಪಿಸಿ ಒಯ್ದು ಹಚ್ಚುವ ದಿನ ಮಿಸ್ತ್ರಿಯೂ ಬಂದಿದ್ದರು. ಅವರ ಸ್ವಂತ ಕೆಲಸಕ್ಕೆ ಆ ಕಡೆ ಬಂದವರು, ಅಕ್ಕ ಊಟಕ್ಕೆ ನಿಲ್ಲಿಸಿಕೊಂಡಳು. ಸಂಜೆ ಏಳೂವರೆ. ಮಿಸ್ತ್ರಿ ತಮ್ಮ ಮೀಟರಿನ ಎರಡು ಕಡ್ಡಿ ಪ್ಲಗ್ಗಿಗೆ ಚುಚ್ಚಿದರೆ 188 ವೋಲ್ಟು. ಸುತ್ತಲೂ ಬೋರಿನ ಮೋಟರು ಓಡುವ ಹೊತ್ತು, ಆ ಸಾಲಿಗೆಲ್ಲ ಒಂದೇ ಟಿಸಿ.

ವೋಲ್ಟೇಜ್ ಇಳಿದರೆ ಹಳೇ ಬಲ್ಬು ಡಿಮ್ ಆಗುತ್ತದೆ. ಎಸ್‌ಎಂಪಿಎಸ್ ಡಿಮ್ ಆಗುವುದಿಲ್ಲ. ಅದಕ್ಕೆ ಒಳಗೆ 250 ಕೊಡಲೇಬೇಕು, ಹಾಗಾಗಿ ಇಳಿದ ವೋಲ್ಟಿಗೆ ಆಂಪಿಯರ್ ಹೆಚ್ಚು ಎಳೆದುಕೊಂಡು ಸರಿದೂಗಿಸುತ್ತದೆ. ಎಷ್ಟು ಇಳಿದರೂ ತಾಳುತ್ತದೆ ಅಂತಲ್ಲ. ಅದೂ ಚೀಟಿಯಲ್ಲೇ ಬರೆದಿರುತ್ತದೆ, ಇನ್‌ಪುಟ್ ಅನ್ನುವ ಸಾಲಿನಲ್ಲಿ. ಕೆಲವಕ್ಕೆ 200ರಿಂದ 240, ಕೆಲವಕ್ಕೆ 100ರಿಂದ 240. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ಈ ಸಾಲು ಓದುವ ಪ್ರಸಂಗ ಬರಲಿಕ್ಕಿಲ್ಲ. ಖಾನಾಪುರದಲ್ಲಿ ಇದು 550ಕ್ಕಿಂತ, 850ಕ್ಕಿಂತ ಮೇಲಿನ ಸಂಖ್ಯೆ. ಪುಣ್ಯಕ್ಕೆ ನಾವು ತಂದದ್ದು 100ರಿಂದ 240ರದ್ದು. ಪುಣ್ಯ ಅಂದೆ, ಆದರೆ ಅಂಗಡಿಯಲ್ಲಿ ನಾನು ಅದನ್ನು ಓದಿಯೇ ತಂದದ್ದು :-)

ಅಳಿಯನ ಗೆಳೆಯನೊಬ್ಬನ ಪಿಸಿ ದಿನಾ ಸಂಜೆ ಆಟದ ನಡುವೆ ರೀಸ್ಟಾರ್ಟ್ ಆಗುತ್ತಿತ್ತಂತೆ. ಎಲ್ಲರೂ "ವಾಟ್ ಕಮ್ಮಿ ಬಿದ್ದೈತಿ" ಅಂದರು. ಅವನು 500 ತೆಗೆದು 750 ಹಾಕಿಸಿದ. ಅದೂ ರೀಸ್ಟಾರ್ಟ್. ಬೆಳಿಗ್ಗೆ ಆಡಿದರೆ ಏನೂ ಆಗುತ್ತಿರಲಿಲ್ಲ. ಮಿಸ್ತ್ರಿ ಊಟ ಮಾಡುತ್ತಾ ಇದನ್ನು ಕೇಳಿ, ಆ ಹುಡುಗನ ಮನೆಯ ಸಂಜೆಯ ವೋಲ್ಟೇಜ್ ಎಷ್ಟು ಅಂತ ಕೇಳಿದರು. ಯಾರೂ ನೋಡಿರಲಿಲ್ಲ. ಆಮೇಲೆ ನೋಡಿದರೆ 170. ಅವನಿಗೆ ಬೇಕಿದ್ದದ್ದು ವಾಟಲ್ಲ, ಸ್ಟೆಬಿಲೈಜರು. ನಮ್ಮ ಕಡೆ "ವಾಟ್ ಸಾಲದು" ಅಂತ ಬರುವ ದೂರುಗಳಲ್ಲಿ ಹೀಗೆ ಗೋಡೆಯ ದೂರುಗಳೇ ಬಹಳ ಇರುತ್ತವೆ ಅಂತ ನನ್ನ ಗುಮಾನಿ.

ಅದಾದ ಮೇಲೆ ಅಕ್ಕ ಬಂದು ಕ್ಯಾಬಿನೆಟ್ಟಿನ ಧೂಳು ಒರೆಸಲು ಕೈ ಇಟ್ಟವಳು ಥಟ್ಟನೆ ಹಿಂದೆ ಸರಿದಳು. "ಝುಮ್ ಅಂತೈತಲ್ಲೋ ತಮ್ಮಾ!"

ಮಿಸ್ತ್ರಿ ತಾಟಿನಿಂದ ಎದ್ದೇ ಬಂದರು. ಹಳೇ ಮನೆ. ಮೂರು ತೂತಿನ ಪ್ಲಗ್ಗಿತ್ತು, ಆದರೆ ಮೇಲಿನ ತೂತಿಗೆ ಹಿಂದೆ ವೈರೇ ಇರಲಿಲ್ಲ. ಎಸ್‌ಎಂಪಿಎಸ್ಸಿನ ಒಳಗೆ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ, ಎರಡರ ಒಂದೊಂದು ಕಾಲು ಡಬ್ಬಿಯ ಮೈಗೆ ಸೇರಿರುತ್ತದೆ. ಅರ್ಥಿಂಗ್ ಇದ್ದರೆ ಅದರ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ಟಿನ ಮೈ ಮೇಲೆ ಹೆಚ್ಚುಕಮ್ಮಿ ಅರ್ಧ ವೋಲ್ಟೇಜ್ ನಿಂತಿರುತ್ತದೆ. ಕರೆಂಟು ಬಹಳ ಸಣ್ಣದು, ಝುಮ್ ಅನ್ನುತ್ತದೆ ಅಷ್ಟೆ. ಆದರೆ ಒಳಗೆ ಯಾವತ್ತಾದರೂ ಏನಾದರೂ ಕೆಟ್ಟು ಪೂರ್ತಿ ಕರೆಂಟು ಮೈಗೆ ಬಂದರೆ ಅದನ್ನು ಒಯ್ಯುವ ದಾರಿಯೇ ಇಲ್ಲ, ಮುಟ್ಟಿದವರ ಮೈಯೇ ದಾರಿ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುವ ಊರಲ್ಲಿ, ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ.

"ವಾಟ್ ವಾಟ್ ಅಂತ ಮೂರ ವಾರ ಬಡದಾಡೀರಿ. ಇದನ್ನ ಯಾರೂ ನೋಡ್ಲಿಲ್ಲೇನ್ರಿ?" ಅಂದರು ಮಿಸ್ತ್ರಿ. ಆ ರಾತ್ರಿ ಪಿಸಿ ಹಚ್ಚಲು ಬಿಡಲಿಲ್ಲ. ಅಳಿಯನ ಮುಖ ನೋಡಬೇಕಿತ್ತು. ಮೂರು ದಿನದ ಮೇಲೆ ಹಿತ್ತಲಲ್ಲಿ ತೆಂಗಿನ ಮರದ ಪಕ್ಕ ಗುಂಡಿ ತೋಡಿ, ಇದ್ದಲು, ಉಪ್ಪು ಹಾಕಿ, ಪೈಪು ಇಳಿಸಿ, ಅಲ್ಲಿಂದ ಒಳಗಿನ ಎಲ್ಲ ಪ್ಲಗ್ಗಿಗೂ ಹಸಿರು ವೈರು ಎಳೆಸಿದ್ದಾಯಿತು. ಗುಂಡಿ ತೋಡಿದ್ದು ಅಳಿಯನೇ, ಯಾರೂ ಹೇಳಲಿಲ್ಲ. 850ಕ್ಕೆ ಕೊಡಬೇಕಾಗಿದ್ದ ಹೆಚ್ಚಿನ ದುಡ್ಡು ಹೆಚ್ಚುಕಮ್ಮಿ ಇದಕ್ಕೇ ಸರಿಹೋಯಿತು. ಮನೆಯ ಫ್ರಿಜ್ಜಿಗೂ, ಮಿಕ್ಸರಿಗೂ ಆ ಮನೆ ಕಟ್ಟಿದಾಗಿನಿಂದ ಮೊದಲ ಸಲ ಅರ್ಥಿಂಗ್ ಬಂತು.

ಇನ್ನು ಉಳಿದದ್ದು ಅಕ್ಕನ ಪ್ರಶ್ನೆ. ಮೂರು ವಾರ ಗಂಡಸರು ವಾಟಿನ ಬಗ್ಗೆ ಮಾತಾಡಿದರೆ ಅವಳ ತಲೆಯಲ್ಲಿದ್ದದ್ದು ಯುನಿಟ್ಟು. 2023ರಲ್ಲಿ ಗೃಹಜ್ಯೋತಿ ಶುರುವಾದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ಹತ್ತು ಪ್ರತಿಶತ ಸೇರಿಸಿ ಅಷ್ಟು ಯುನಿಟ್ ಪುಕ್ಕಟೆ ಅಂತ ಕೊಟ್ಟರಲ್ಲ, ಅದನ್ನು ದಾಟಿದರೆ ಹೆಚ್ಚಿಗೆಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಅವಳ ಸರಾಸರಿ 88. ಬಚ್ಚಲ ಒಲೆಗೆ ಇನ್ನೂ ಸೌದೆ ಹಾಕುವ ಮನೆ, 88 ಅನ್ನುವುದು ಅವಳು ಕಾದುಕೊಂಡು ಬಂದ ಸಂಖ್ಯೆ. "ಇದು ತಿಂಗಳಿಗೆ ಎಷ್ಟು ತಿಂತೈತಿ, ಅಷ್ಟ ಹೇಳು," ಅಂದಳು.

ಅಂದಾಜು ಹೇಳುವುದು ಬೇಡ, ಅಳೆದೇ ಬಿಡೋಣ ಅಂದೆ. ಅಳೆಯುವ ಯಂತ್ರ ಎಲ್ಲರ ಮನೆಯ ಬಾಗಿಲಲ್ಲೇ ಇದೆ. ಹೆಸ್ಕಾಂ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ. ಅಕ್ಕನ ಮೀಟರಿನಲ್ಲಿ 3200 ಅಂತಿತ್ತು. ಅಂದರೆ 3200 ಸಲ ಮಿಣುಕಿದರೆ ಒಂದು ಯುನಿಟ್. ಫ್ರಿಜ್ಜು, ಫ್ಯಾನು, ದೀಪ ಎಲ್ಲ ಆರಿಸಿದೆವು. ಕತ್ತಲೆ ಮನೆಯಲ್ಲಿ ಅಳಿಯ ಒಬ್ಬನೇ ಬಣ್ಣದ ದೀಪದ ಮುಂದೆ ಕೂತು ಕಾರು ಓಡಿಸುತ್ತಿದ್ದಾನೆ, ಅಕ್ಕ ಮೀಟರಿನ ಕೆಳಗೆ ಸ್ಟೂಲು ಹಾಕಿಕೊಂಡು "ಒಂದ... ಎರಡ... ಮೂರ..." ಅಂತ ಎಣಿಸುತ್ತಿದ್ದಾಳೆ, ನಾನು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದೇನೆ. ಭಾವ ಕಟ್ಟೆ ಮೇಲೆ ಕೂತು ದೇವರ ಪೂಜೆ ನೋಡಿದ ಹಾಗೆ ನೋಡುತ್ತಿದ್ದಾರೆ.

ಹತ್ತು ಮಿಣುಕಿಗೆ 45 ಸೆಕೆಂಡು. 11,250ನ್ನು 45ರಿಂದ ಭಾಗಿಸಿದರೆ 250 ವಾಟ್, ಮಾನಿಟರೂ ಸೇರಿ. ಆಟ ಮುಚ್ಚಿ ಸುಮ್ಮನೆ ಬಿಟ್ಟಾಗ ಮೂರು ಮಿಣುಕಿಗೆ 48 ಸೆಕೆಂಡು, ಸುಮಾರು 70 ವಾಟ್. 650ರ ಡಬ್ಬಿ, ಮೂರು ವಾರದ ಜಗಳ, ಮತ್ತು ನಿಜವಾಗಿ ಹೋದದ್ದು 250! ಗಂಟೆಗೆ ಕಾಲು ಯುನಿಟ್. ನಾಲ್ಕು ಗಂಟೆ ಆಡಿದರೆ ಒಂದು ಯುನಿಟ್. ದಿನಾ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 30.

ಅಕ್ಕ ಮನಸ್ಸಿನಲ್ಲೇ ಕೂಡಿದಳು. 88ಕ್ಕೆ 30, 118. ಪುಕ್ಕಟೆ ಸಿಗುವುದು 97ರ ಹತ್ತಿರ. 21 ಯುನಿಟ್ಟಿಗೆ ದುಡ್ಡು. 200ಕ್ಕೆ ಬಹಳ ದೂರ. "ಆತು. ಆ 21 ಅಂವನ ಕಟ್ಲಿ," ಅಂದಳು. ಅಳಿಯ ಈಗ ರವಿವಾರ ಎದುರು ಮನೆಯ ಇಬ್ಬರು ಹುಡುಗರಿಗೆ ಗಣಿತ ಹೇಳಿಕೊಡುತ್ತಾನೆ. ವಾರದ ದಿನ ಆಟ ಎರಡು ಗಂಟೆಗೆ ಇಳಿದಿದೆ, ಪರೀಕ್ಷೆ ಬಂದರೆ ಅದೂ ಇಲ್ಲ.

ಯುಪಿಎಸ್ ಕೊಳ್ಳುವವರಿಗೂ ಈ 250ರ ಲೆಕ್ಕವೇ ಬೇಕು, ಡಬ್ಬಿಯ 650 ಅಲ್ಲ. ಅಂಗಡಿಯಲ್ಲಿ 600 ವಿಎ ಅಂತ ಮಾರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್. ವಿಎ ಬೇರೆ, ವಾಟ್ ಬೇರೆ, ಹಿಂದಿನ ಚೀಟಿಯಲ್ಲಿ ಎರಡೂ ಇರುತ್ತದೆ. ಅಳಿಯನಿಗೆ ಅದು ಸಾಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಆಟ ಉಳಿಸಿ, ನೆಟ್ಟಗೆ ಬಂದ್ ಮಾಡುವಷ್ಟು ನಿಮಿಷ ಸಿಗುತ್ತದೆ. ಮನೆಯ ಇನ್ವರ್ಟರಿಗೇ ಹಚ್ಚುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿಕೊಳ್ಳಿ. ಎಸ್‌ಎಂಪಿಎಸ್ ತನ್ನ ಹೊಟ್ಟೆಯಲ್ಲಿಟ್ಟುಕೊಂಡ ಕರೆಂಟಿನಲ್ಲಿ ತಾಳುವುದು ಸೆಕೆಂಡಿನ ಸಾವಿರದ ಹದಿನಾರು ಹದಿನೇಳು ಭಾಗ ಮಾತ್ರ. ಅಷ್ಟರೊಳಗೆ ಬದಲಾಗದಿದ್ದರೆ ಪರದೆ ಕಪ್ಪು.

ಮೀಟರ್ ಎಣಿಸುವ ಆಟ ನೀವೂ ಆಡಿ ನೋಡಿ, ಮಕ್ಕಳಿಗೆ ಖುಷಿಯಾಗುತ್ತದೆ. ನಿಮ್ಮದರಲ್ಲಿ 3200ರ ಬದಲು 1600 ಅಂತಿದ್ದರೆ ಹತ್ತು ಮಿಣುಕಿನ ಸೆಕೆಂಡಿನಿಂದ 22,500ನ್ನು ಭಾಗಿಸಿ. 6400 ಇದ್ದರೆ 5,625ನ್ನು. ಎಣಿಸುವ ಮೊದಲು ಫ್ರಿಜ್ಜು ಆರಿಸಲು ಮರೆಯಬೇಡಿ, ಎಣಿಸಿ ಆದ ಮೇಲೆ ಹಚ್ಚಲೂ ಮರೆಯಬೇಡಿ. ಅವತ್ತು ಅಕ್ಕನ ಮನೆಯಲ್ಲಿ ಮರುದಿನದ ಹಾಲು ಒಡೆದಿತ್ತು.